ಆಟಿಯ ಮೋಡ, ಬೆಳಗಿನ ಬೆಳಕು

ಮಳೆಗಾಲದಲ್ಲಿ ಮನೆಯವರೊಬ್ಬರು ಮಂಕಾಗಿ ಕುಳಿತರೆ ಸೋಮಾರಿತನವೆಂದು ಗದರಬೇಡಿ. ಹಗಲು ಬಹಳ ಕುಗ್ಗುವ ಉತ್ತರದ ದೇಶಗಳಲ್ಲಿ ಕೆಲವರಿಗೆ ಪ್ರತಿ ಚಳಿಗಾಲವೂ ಖಿನ್ನತೆ ಕವಿಯುವುದನ್ನು 1984ರಲ್ಲಿ ಅಮೆರಿಕದ ವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ವಿವರಿಸಿದರು. ಅದಕ್ಕೆ ಮದ್ದು ಬೆಳಕೇ: ಬೆಳಿಗ್ಗೆ ಅರ್ಧ ಗಂಟೆ, 10,000 ಲಕ್ಸ್ ದೀಪದ ಮುಂದೆ ಕುಳಿತುಕೊಳ್ಳುವುದು. ಆ ಬೆಳಕು ಕಣ್ಣಿನ ಮೂಲಕ ಮಿದುಳಿನ ಗಡಿಯಾರವನ್ನು ತಿದ್ದುತ್ತದೆ.

ಬಂಟ್ವಾಳದಲ್ಲಿ ಡಿಸೆಂಬರಿನ ಹಗಲೂ ಹನ್ನೊಂದು ಗಂಟೆ ಮೀರುತ್ತದೆ. ಇಲ್ಲಿ ಬೆಳಕನ್ನು ಮರೆಮಾಡುವುದು ಆಟಿಯ ಮೋಡ. ಆದರೂ ಮೋಡದ ಹಗಲಿನಲ್ಲಿ ಅಂಗಳದ ಬೆಳಕು ಸಾಮಾನ್ಯವಾಗಿ ಸಾವಿರ ಲಕ್ಸಿಗೂ ಮೇಲು. ದೀಪ ಹಚ್ಚಿದ ಕೋಣೆಯಲ್ಲಿ ಕೆಲವು ನೂರು ಮಾತ್ರ. ಆದುದರಿಂದ ದೀಪ ಕೊಳ್ಳುವ ಮೊದಲು, ಬೆಳಗಿನ ಕಾಫಿಯನ್ನು ಜಗಲಿಯ ಅಂಚಿಗೆ ತನ್ನಿ.

ಕಣ್ಣಿನ ರೋಗವಿದ್ದವರೂ ಹಿಂದೆ ಉನ್ಮಾದ ಕಂಡವರೂ ವೈದ್ಯರನ್ನು ಕೇಳದೆ ದೀಪ ಬಳಸಬಾರದು. ಖಿನ್ನತೆ ಎರಡು ವಾರ ಬಿಡದಿದ್ದರೆ ಎಲ್ಲರೂ ವೈದ್ಯರನ್ನು ಕಾಣಬೇಕು.