ದೋಟಿ ಎತ್ತುವ ಮೊದಲು ಮೇಲೆ ನೋಡಿ

ಕಳೆದ ಜೂನ್‌ನಲ್ಲಿ ಎರಡು ದಿನ ಮಳೆ ಬಿಟ್ಟಾಗ ನಮ್ಮ ಅಡಿಕೆ ತೋಟಕ್ಕೆ ಮದ್ದು ಬಿಡಲು ಜನ ಸಿಕ್ಕಿದರು. ಅಂದು ಭಾನುವಾರ, ಪೈಪ್ ಹಿಡಿಯುವ ಕೆಲಸ ನನ್ನದು. ಮರ ಹತ್ತುವವರು ಕಡಿಮೆಯಾದ ಮೇಲೆ ನಮ್ಮಲ್ಲೂ ದೋಟಿಯೇ ಗತಿ. ತೋಟದ ಅಂಚಿನ ಮರಕ್ಕೆ ಬಂದಾಗ ದೋಟಿ ಒಮ್ಮೆಲೇ ವಾಲಿತು. ಅಬ್ಬ ಕೂಗಿಕೊಂಡರು. ದೋಟಿಯ ತುದಿಗೂ ವಿದ್ಯುತ್ ತಂತಿಗೂ ಒಂದು ಮೊಳದಷ್ಟು ಅಂತರವಿತ್ತು, ಅಷ್ಟೆ. ದೋಟಿ ಹಿಡಿದಿದ್ದವರು ಮಾತಿಲ್ಲದೆ ಅದನ್ನು ನೆಲಕ್ಕೆ ಮಲಗಿಸಿ ಅಲ್ಲೇ ಕುಳಿತುಬಿಟ್ಟರು. ಅವರ ಕೈ ನಡುಗುತ್ತಿತ್ತು.

ವಿಭವಾಂತರದ ಪಾಠ ಬಾಯಿಪಾಠವಿದ್ದರೂ ಆ ತಂತಿಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಮನೆಗೆ ಬರುವ ವಿದ್ಯುತ್ 230 ವೋಲ್ಟ್. ನಮ್ಮ ತೋಟದ ಮೇಲೆ ಹೋಗುವುದು 11,000 ವೋಲ್ಟ್. ಆ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇಲ್ಲ, ಸುತ್ತಲಿನ ಗಾಳಿಯೇ ಅದರ ರಕ್ಷಣೆ. ಕಾಗೆ ಒಂದೇ ತಂತಿಯ ಮೇಲೆ ಕೂರುತ್ತದೆ, ನೆಲ ಮುಟ್ಟುವುದಿಲ್ಲ, ಹಾಗಾಗಿ ಬದುಕುತ್ತದೆ. ದೋಟಿ ಹಿಡಿದವರ ಕಾಲು ಮಾತ್ರ ಒದ್ದೆ ನೆಲದಲ್ಲಿರುತ್ತದೆ. ಮನೆಯ ಸ್ವಿಚ್ ರಿಪೇರಿಗೆ ನಂಬುವ ರಬ್ಬರ್ ಚಪ್ಪಲಿ ಇಲ್ಲಿ ಲೆಕ್ಕಕ್ಕಿಲ್ಲ.

"ಅಲ್ಯೂಮಿನಿಯಂ ದೋಟಿ ಅಪಾಯ, ಕಾರ್ಬನ್ ಫೈಬರ್ ಆದರೆ ತೊಂದರೆ ಇಲ್ಲ" ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಇದು ಶುದ್ಧ ತಪ್ಪು. ಕಾರ್ಬನ್ ಕೂಡ ವಿದ್ಯುತ್ ವಾಹಕ. ಮೈಲುತುತ್ತು ಸೇರಿದ ಬೋರ್ಡೋ ದ್ರಾವಣವೂ ವಾಹಕವೇ. ಒಣ ಬಿದಿರು ಪರವಾಗಿಲ್ಲ ಅನ್ನಬೇಡಿ, ಮಳೆಗಾಲದಲ್ಲಿ ಒಣ ಬಿದಿರು ಎಲ್ಲಿದೆ?

ರಸ್ತೆಯಲ್ಲದ ಕಡೆ ಇಂಥ ತಂತಿ ನೆಲದಿಂದ ಕನಿಷ್ಠ 4.6 ಮೀಟರ್, ಅಂದರೆ ಸುಮಾರು 15 ಅಡಿ ಎತ್ತರದಲ್ಲಿರಬೇಕು ಎಂಬುದು ನಿಯಮ. ದೋಟಿ 40 ಅಡಿಗೂ ಉದ್ದ ಇರುತ್ತದೆ. ಅದು ಬಾಗುತ್ತದೆ, ಕೈ ಜಾರಿದರೆ ಪೂರ್ತಿ ಉದ್ದಕ್ಕೆ ಬೀಳುತ್ತದೆ. ಆದ್ದರಿಂದ ದೋಟಿಯ ಉದ್ದಕ್ಕಿಂತಲೂ ಹೆಚ್ಚು ದೂರ ತಂತಿಯಿಂದ ಇರಬೇಕು. ಅಷ್ಟು ಜಾಗ ಇಲ್ಲದಿದ್ದರೆ ಮೆಸ್ಕಾಂಗೆ ಮೊದಲೇ ತಿಳಿಸಿ ಲೈನ್ ಆಫ್ ಮಾಡಿಸಬೇಕು. ಆಫ್ ಆಗಿದೆ ಎಂದು ಲೈನ್‌ಮ್ಯಾನ್ ಹೇಳಬೇಕು. ಮನೆಯಲ್ಲಿ ಫ್ಯಾನ್ ನಿಂತಿತು ಎಂಬುದು ಸಾಕ್ಷಿಯಲ್ಲ. ಅಲ್ಯೂಮಿನಿಯಂ ಏಣಿ, ಹಲಸು ಕೊಯ್ಯುವ ಕೊಕ್ಕೆ, ನೀರಾವರಿ ಪೈಪ್, ಎಲ್ಲಕ್ಕೂ ಇದೇ ಮಾತು.

ಗಾಳಿಮಳೆಗೆ ತಂತಿ ಕಡಿದು ಬಿದ್ದರೆ ಕಿಡಿ ಹಾರದಿದ್ದರೂ ಅದು ಸತ್ತಿದೆ ಎಂದುಕೊಳ್ಳಬೇಡಿ. ಒಣ ಮುರಕಲ್ಲಿನ ಮೇಲೆ ಬಿದ್ದರೆ ಕೆಲವೊಮ್ಮೆ ಫ್ಯೂಸ್ ಕೂಡ ಹೋಗುವುದಿಲ್ಲ. ಸುತ್ತಲಿನ ನೆಲದಲ್ಲೂ ವಿದ್ಯುತ್ ಹರಡಿರುತ್ತದೆ. ತಂತಿಯಿಂದ ದೂರ ಹೋದಂತೆ ನೆಲದ ವೋಲ್ಟೇಜ್ ಇಳಿಯುವುದರಿಂದ ದೊಡ್ಡ ಹೆಜ್ಜೆ ಇಟ್ಟರೆ ಎರಡು ಪಾದಗಳ ನಡುವೆಯೇ ವಿಭವಾಂತರ ಉಂಟಾಗಿ ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ದನಗಳು ಸಾಯುವುದು ಹೆಚ್ಚಾಗಿ ಹೀಗೆ, ಅವುಗಳ ಮುಂಗಾಲು ಹಿಂಗಾಲುಗಳ ಅಂತರ ದೊಡ್ಡದು. ಹತ್ತಿರ ಸಿಕ್ಕಿಕೊಂಡರೆ ಪಾದ ಎತ್ತದೆ, ಎರಡನ್ನೂ ಜೋಡಿಸಿ ನೆಲಕ್ಕೆ ಉಜ್ಜುತ್ತಾ ಹೊರಬನ್ನಿ. ಬೇರೆಯವರನ್ನು 10 ಮೀಟರ್ ದೂರ ನಿಲ್ಲಿಸಿ 1912ಕ್ಕೆ ಕರೆ ಮಾಡಿ. ಯಾರಾದರೂ ತಂತಿಗೆ ಸಿಲುಕಿದ್ದರೆ ಓಡಿಹೋಗಿ ಎಳೆಯಬೇಕೆನಿಸುತ್ತದೆ. ಆದರೆ ಲೈನ್ ಆಫ್ ಆಗುವವರೆಗೆ ಕೋಲಿನಿಂದಲೂ ಮುಟ್ಟಬಾರದು. ಇದನ್ನು ಬರೆಯುವುದೇ ಕಷ್ಟ, ಪಾಲಿಸುವುದು ಇನ್ನೂ ಕಷ್ಟ.

ನಮ್ಮ ತೋಟದಲ್ಲಿ ತಂತಿಯ ಹತ್ತಿರ ಏಳು ಮರಗಳಿದ್ದವು. ಫಲ ಕೊಡುವ ಮರ ಕಡಿಸಲು ಅಬ್ಬನಿಗೆ ಮನಸ್ಸಿರಲಿಲ್ಲ, ಅಡಿಕೆ ಧಾರಣೆ ಹೇಳುತ್ತಾ ನಾಲ್ಕು ತಿಂಗಳು ತಳ್ಳಿದರು. ಕೊನೆಗೆ ಲೈನ್ ಆಫ್ ಮಾಡಿಸಿ ಕಡಿಸಿದೆವು. ಅಲ್ಲಿ ಈಗ ಉಮ್ಮ ಅರಿಶಿನ ಮತ್ತು ಅನಾನಸು ನೆಟ್ಟಿದ್ದಾರೆ.