ಕರಿಕೋಟಿನ ಹಿಂದೆ ಓಡುವ ಗುಮಾಸ್ತೆ

(ನಮ್ಮ ವರದಿಗಾರರಿಂದ)

ಬೆಳಿಗ್ಗೆ ಹತ್ತೂವರೆಗೆ ನಮ್ಮೂರ ಕೋರ್ಟು ಆವರಣದಲ್ಲಿ ಒಂದು ಗಳಿಗೆ ನಿಂತು ನೋಡಿ. ವಕೀಲರು ಕಾರಿನಿಂದ ಇಳಿಯುವ ಮುಂಚೆಯೇ ಒಬ್ಬ ಮನುಷ್ಯ ಕಂಕುಳಲ್ಲಿ ಕಟ್ಟು, ಜೇಬಿನಲ್ಲಿ ಡೈರಿ ಇಟ್ಟುಕೊಂಡು ಮೂರು ಹಾಲ್ ಸುತ್ತಿ ಬಂದಿರುತ್ತಾನೆ. ಯಾವ ಕೇಸು ಎಷ್ಟನೇ ನಂಬರು, ಜಡ್ಜ್ ಸಾಹೇಬರು ಇವತ್ತು ರಜವೋ, ಸಾಕ್ಷಿ ಬಂದನೋ ಇಲ್ಲವೋ, ಎಲ್ಲಾ ಅವನ ನಾಲಗೆ ತುದಿಯಲ್ಲಿ. ಇವನೇ ವಕೀಲರ ಗುಮಾಸ್ತೆ.

ಇಂಥ ಕೆಲಸಕ್ಕೆ ಈಗ 'ಪ್ಯಾರಾಲೀಗಲ್' ಎಂಬ ಭಾರೀ ಹೆಸರು ಬಂದಿದೆ. ಬೆಂಗಳೂರಿನ ದೊಡ್ಡ ಲಾ ಕಂಪನಿಗಳಲ್ಲಿ ಆ ಹೆಸರಿನವರಿಗೆ ಎ.ಸಿ. ರೂಮು, ತಿಂಗಳ ಸಂಬಳ. ನಮ್ಮಲ್ಲಿ ಹೊಂಗೆ ಮರದ ನೆರಳು, ಕಕ್ಷಿದಾರ ಮನಸ್ಸು ಮಾಡಿದರೆ ಕಾಫಿ ಕಾಸು.

ಪಿಯುಸಿ ಅರ್ಧಕ್ಕೆ ಬಿಟ್ಟ ಹುಡುಗರು "ಕೋರ್ಟ್ ಕಡೆ ಏನಾದ್ರೂ ಕೆಲಸ ಸಿಗುತ್ತಾ ಅಣ್ಣ?" ಅಂತ ಕೇಳುವುದುಂಟು. ನಾನೂ ಪಿಯುಸಿಗೆ ಕೈಮುಗಿದು ಬಂದವನೇ. ಅದಕ್ಕೇ ವಿಚಾರಿಸಿಕೊಂಡು ಬಂದೆ.

ಒಂದು ಅರ್ಜಿಯ ಬೆಲೆ

ಮೂವತ್ತು ವರ್ಷ ಸರ್ವೀಸಿನ ಹಿರಿಯ ಗುಮಾಸ್ತರೊಬ್ಬರು ಸಿಕ್ಕರು. "ಬರ್ಕೊಳ್ಳಿ ಸಾರ್, ಹೆಸರು ಮಾತ್ರ ಬೇಡ" ಅಂತ ಶುರು ಮಾಡಿದರು.

ರೈತನೊಬ್ಬ ಭಾಗದ ದಾವಾ ಸೋತ. ಸೋತ ದುಃಖಕ್ಕೆ ಊರಿಗೆ ಹೋದವನು ಮತ್ತೆ ತಲೆ ಹಾಕಿದ್ದು ನಲವತ್ತನೇ ದಿನ. ಕೆಳಗಿನ ಸಿವಿಲ್ ಕೋರ್ಟಿನ ಡಿಕ್ರಿ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹಾಕಲು ವಾಯಿದೆ 30 ದಿನ. ಆಸಾಮಿ ಕಥೆ ಮುಗಿಯಿತು ಅಂದುಕೊಳ್ಳಬೇಕು. ಆದರೆ ಈ ಗುಮಾಸ್ತರು ತೀರ್ಪು ಹೇಳಿದ ಸಂಜೆಯೇ, ಯಾರೂ ಹೇಳದಿದ್ದರೂ, ನಕಲಿಗೆ ಅರ್ಜಿ ಹಾಕಿಬಿಟ್ಟಿದ್ದರು. ನಕಲು ಸಿಗಲು ಹಿಡಿದದ್ದು 18 ದಿನ. 1963ರ ಕಾಲಮಿತಿ ಕಾಯಿದೆಯ 12ನೇ ಕಲಮಿನ ಪ್ರಕಾರ ಆ ದಿನಗಳು ಲೆಕ್ಕಕ್ಕೆ ಇಲ್ಲ. 30 ಹೋಗಿ 48 ಆಯಿತು. ಅಪೀಲು ವಾಯಿದೆಯೊಳಗೇ ದಾಖಲಾಯಿತು.

"ಮೂವತ್ತು ದಿನ ಕಳೆದ ಮೇಲೆ ನಕಲಿಗೆ ಹಾಕಿದ್ರೆ ಒಂದು ದಿನಾನೂ ಸಿಗ್ತಿರ್ಲಿಲ್ಲ ಸಾರ್. ತಡ ಯಾಕಾಯ್ತು ಅಂತ ಬೇರೆ ಅರ್ಜಿ ಹಾಕಿ ಕೈಮುಗೀಬೇಕಿತ್ತು. ಒಪ್ಪೋದು ಬಿಡೋದು ಕೋರ್ಟಿಗೆ ಬಿಟ್ಟಿದ್ದು."

ಆ ಅರ್ಜಿಗೆ ಆದ ಖರ್ಚು ಚಿಲ್ಲರೆ ಕಾಸು. ಉಳಿದದ್ದು ಒಂದು ಸಂಸಾರದ ಜಮೀನಿನ ಮೇಲಿನ ಆಸೆ.

ಕಸುಬು ಹತ್ತುವ ಬಗೆ

ಮೊದಲ ವರ್ಷ ಕಟ್ಟು ಹೊರುವುದು, ಡೈರಿಗೆ ವಾಯಿದೆ ಬರೆಯುವುದು. ಆಮೇಲೆ ವಕಾಲತ್ತಿಗೆ ಸ್ಟಾಂಪು, ಕೋರ್ಟ್ ಫೀ, ಸಮನ್ಸಿಗೆ ಪ್ರೊಸೆಸ್ ಫೀ. ಫೈಲಿಂಗ್ ಕೌಂಟರಿನಲ್ಲಿ ಆಕ್ಷೇಪಣೆ ಹಾಕಿದರೆ ಎಲ್ಲಿ ಸಹಿ ಬಿಟ್ಟಿದೆ, ಯಾವ ಪುಟ ಮಾಸಲು, ಹುಡುಕಿ ಸರಿಪಡಿಸುವುದು.

ಮೂರನೇ ಮೆಟ್ಟಿಲು ದಿನಗಳ ಲೆಕ್ಕ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟೀಸು, ನೋಟೀಸು ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಕೇವಿಯಟ್ ಬಾಳುವುದು 90 ದಿನ. ಇದು ಬಾಯಿಪಾಠ ಆದವನೇ ಗುಮಾಸ್ತೆ. ಉಳಿದವನು ಚೀಲ ಹೊರುವ ಆಳು.

ಈಗ ಮುಂದಿನ ವಾಯಿದೆ ಮೊಬೈಲಿನಲ್ಲೇ ಕಾಣುತ್ತದೆ, ಇ-ಫೈಲಿಂಗ್ ಬಂದಿದೆ. ಗುಮಾಸ್ತೆ ಬೇಡವಾದನೇ? ಇಲ್ಲ. ಸ್ಕ್ಯಾನ್ ಮಾಡಿ ಕಳಿಸಲು ಬಲ್ಲವನಿಗೆ ಬೆಲೆ ಏರಿದೆ, ಬಾರದವನಿಗೆ ಇಳಿದಿದೆ.

ಏಣಿ ಎಲ್ಲಿದೆ?

ಎಷ್ಟೇ ಕಾನೂನು ಬಲ್ಲವನಾದರೂ ಗುಮಾಸ್ತೆ ವಕೀಲರ ಹಾಗೆ ಎದ್ದುನಿಂತು ವಾದ ಮಾಡುವಂತಿಲ್ಲ. 1961ರ ವಕೀಲರ ಕಾಯಿದೆ ಪ್ರಕಾರ ಆ ಹಕ್ಕು ವಕೀಲರದ್ದು. ಆಸೆ ಇದ್ದವನು ಓದಲೇಬೇಕು. ಪಿಯುಸಿ ಮುಗಿಸಿದರೆ ಐದು ವರ್ಷದ ಕೋರ್ಸು, ಡಿಗ್ರಿ ಆಗಿದ್ದರೆ ಮೂರು ವರ್ಷದ್ದು. ಹಗಲು ಗುಮಾಸ್ತೆ, ರಾತ್ರಿ ಲಾ ಕಾಲೇಜು ಎಂಬ ಹಳೇ ದಾರಿ ಮಾತ್ರ ಮುಚ್ಚಿಹೋಗಿದೆ. ಬಾರ್ ಕೌನ್ಸಿಲಿನ 2008ರ ನಿಯಮದಂತೆ ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರೊಳಗೇ ನಡೆಯಬೇಕು. ಬೆಳಗಿನ ಕ್ಲಾಸು ಇರುವ ಕಾಲೇಜು ಹುಡುಕಬೇಕು, ಹೊತ್ತು ಹೊಂದಿಸಿಕೊಡುವ ಯಜಮಾನರು ಬೇಕು.

ಅಷ್ಟು ಆಗದವರು ಕನ್ನಡ, ಇಂಗ್ಲಿಷ್ ಟೈಪಿಂಗ್ ಪರೀಕ್ಷೆಯನ್ನಾದರೂ ಕಟ್ಟಲಿ. ಕೋರ್ಟಿನ ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಕರೆದಾಗ ಕೇಳುವುದು ಆ ಸರ್ಟಿಫಿಕೇಟನ್ನೇ, ನಿಮ್ಮ ಅನುಭವವನ್ನಲ್ಲ.

ಇನ್ನೊಂದು ಬಾಗಿಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. 2009ರಿಂದ ದೇಶದಲ್ಲಿ ಅರೆಕಾನೂನು ಸ್ವಯಂಸೇವಕರ ಯೋಜನೆ ಇದೆ. ಆಯ್ಕೆಯಾದವರಿಗೆ ತರಬೇತಿ, ಗುರುತಿನ ಚೀಟಿ. ಹೆಂಗಸರಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ಬಿಟ್ಟಿ ವಕೀಲರು ಸಿಗುತ್ತಾರೆಂದು ಹಳ್ಳಿಯಲ್ಲಿ ತಿಳಿಸುವುದು, ಜೈಲಿನಲ್ಲಿರುವವರ ಅರ್ಜಿ ಬರೆಯಲು ನೆರವಾಗುವುದು ಇವರ ಕೆಲಸ. ಇದು ನೌಕರಿಯಲ್ಲ, ಕೆಲಸ ಮಾಡಿದ ದಿನಕ್ಕೆ ಗೌರವಧನ ಅಷ್ಟೇ. ಆದರೆ ಕಸುಬು ಕಲಿಯುವವನಿಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ.

ಮುಪ್ಪಿಗೆ ಗತಿ?

ಇಲ್ಲಿಗೆ ಬಂದಾಗ ಹಿರಿಯ ಗುಮಾಸ್ತರ ದನಿ ಇಳಿಯಿತು. "ನಮ್ಮ ಯಜಮಾನ್ರು ತೀರ್ಕೊಂಡ್ರು ಸಾರ್. ಮಗ ವಕೀಲಿಕೆ ಮಾಡ್ಲಿಲ್ಲ. ಆಫೀಸಿಗೆ ಬೀಗ ಬಿತ್ತು. ಮೂವತ್ತು ವರ್ಷ ದುಡಿದೆ ಅನ್ನೋಕೆ ನನ್ನ ಹತ್ರ ಒಂದು ಚೀಟಿ ಇಲ್ಲ."

ಪಿ.ಎಫ್. ಕಡ್ಡಾಯವಾಗುವುದು 20 ಮಂದಿ ನೌಕರರಿರುವ ಕಡೆ. ಒಬ್ಬ ವಕೀಲರು, ಇಬ್ಬರು ಗುಮಾಸ್ತರು ಇರುವ ಆಫೀಸು ಆ ಲೆಕ್ಕಕ್ಕೇ ಬರುವುದಿಲ್ಲ. ಊರಿನ ವಾಯಿದೆಗಳನ್ನೆಲ್ಲಾ ಬರೆದಿಟ್ಟವನು ತನ್ನ ಹೆಸರಿಗೆ ಒಂದು ಸಾಲು ಬರೆಸಿಕೊಂಡಿಲ್ಲ!

ಆದ್ದರಿಂದ ತಮ್ಮಂದಿರಿಗೆ ಒಂದು ಮಾತು. ಸೇರಿದ ದಿನವೇ ಯಜಮಾನರಿಂದ ಒಂದು ಪತ್ರ ಬರೆಸಿಕೊಳ್ಳಿ, ವರ್ಷಕ್ಕೊಮ್ಮೆ ಹೊಸದು ಮಾಡಿಸಿ. ಸಂಬಳವನ್ನು ಬ್ಯಾಂಕಿಗೆ ಹಾಕಿಸಿ, ಅದೇ ಮುಂದೆ ಸಾಕ್ಷಿ. 18ರಿಂದ 40 ವಯಸ್ಸಿನೊಳಗಿದ್ದು ಆದಾಯ ತೆರಿಗೆ ಕಟ್ಟದವರು ಅಟಲ್ ಪಿಂಚಣಿಗೆ ಸೇರಬಹುದು. ಕಟ್ಟಿದ ಕಂತಿನ ಮೇಲೆ 60ರ ನಂತರ ತಿಂಗಳಿಗೆ 1000ದಿಂದ 5000 ರೂಪಾಯಿವರೆಗೆ ಬರುತ್ತದೆ.

ವಕೀಲ ಮಹನೀಯರಿಗೂ ಒಂದು ಬಿನ್ನಹ. ಅಪೀಲು ಉಳಿಸಿಕೊಟ್ಟ ಗುಮಾಸ್ತೆಗೆ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ರುಜು ಹಾಕಿಕೊಟ್ಟರೆ ನಿಮ್ಮ ಗಂಟೇನು ಹೋಗುವುದಿಲ್ಲ.

ಮಾತು ಮುಗಿಯುವಷ್ಟರಲ್ಲಿ ಬೇರೊಬ್ಬ ವಕೀಲರು ಕೂಗಿದರು. ಹಿರಿಯರು ಡೈರಿ ಎತ್ತಿಕೊಂಡು ಓಡಿದರು. ಈಗ ಅವರು ದಿನಗೂಲಿ ಲೆಕ್ಕದಲ್ಲಿ ಮೂವರು ವಕೀಲರಿಗೆ ಗುಮಾಸ್ತರು. ವಯಸ್ಸು ಅರವತ್ತು ದಾಟಿದೆ.