ಚಳಿಗಾಲದ ಮುಳ್ಳಿನ ಗುಡಿ

ನಾಯಕನಹಟ್ಟಿ ಎಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಗೆ ಶ್ರೀ ತಿಪ್ಪೇರುದ್ರಸ್ವಾಮಿಗಳ ಫಾಲ್ಗುಣದ ತೇರು ನೆನಪಿಗೆ ಬರುವುದು ಸಹಜ. ಬಿಸಿಲು ಬಲಿಯುವ ಆ ದಿನಗಳಲ್ಲಿ ಅಲ್ಲಿ ನೆರೆಯುವ ಜನಕ್ಕೆ ಲೆಕ್ಕವಿಲ್ಲ. ಆದರೆ ಅದೇ ಚಳ್ಳಕೆರೆ ತಾಲ್ಲೂಕಿಗೆ ಚಳಿಗಾಲದ ಹಬ್ಬವೂ ಒಂದುಂಟು. ಅದರ ವಾರ್ತೆಯು ದೂರದ ಪಟ್ಟಣಗಳ ಮನೆಗಳಿಗೆ ಅಷ್ಟಾಗಿ ಮುಟ್ಟಿದಂತಿಲ್ಲವಾದುದರಿಂದ, ಅದನ್ನು ಕುರಿತು ನಾಲ್ಕು ಮಾತು ಬರೆಯಲು ಬಯಸುತ್ತೇವೆ.

ಜನವರಿಯ ಸುಮಾರಿಗೆ, ಬಯಲುಸೀಮೆಯ ಗಾಳಿಯು ಮೈ ಕೊರೆಯುವ ಕಾಲದಲ್ಲಿ, ಪುರ್ಲಹಳ್ಳಿಯ ಬಳಿ ಕಾಡುಗೊಲ್ಲರ ಕ್ಯಾತೇದೇವರ ಜಾತ್ರೆ ನಡೆಯುವುದು. ಅಲ್ಲಿನ ಗುಡಿಯು ಕಲ್ಲಿನದಲ್ಲ, ಇಟ್ಟಿಗೆಯದೂ ಅಲ್ಲ. ಕುರುಚಲು ಕಾಡಿನ ಬಾರೆಮುಳ್ಳನ್ನು ಕಡಿದು ತಂದು, ಆಳೆತ್ತರವನ್ನು ಮೀರುವಂತೆ ಒಟ್ಟಿ ಕಟ್ಟಿದ ಗುಡಿ. ತುದಿಯಲ್ಲಿ ಕಳಸವಿರುವುದು. ಜಾತ್ರೆಯ ಮುಖ್ಯ ಘಳಿಗೆಯಲ್ಲಿ ವ್ರತಸ್ಥರಾದ ಗಂಡಸರು ಸೊಂಟಕ್ಕೊಂದು ಬಟ್ಟೆಯನ್ನು ಮಾತ್ರ ಉಟ್ಟು, ಬರಿಮೈಯಲ್ಲಿ, ಬರಿಗಾಲಲ್ಲಿ ಆ ಮುಳ್ಳನ್ನೇರಿ ಕಳಸವನ್ನು ಕೀಳುವರು. ದೇವರ ಕೃಪೆಯುಳ್ಳವನಿಗೆ ಮುಳ್ಳು ನಾಟದೆಂಬುದು ಭಕ್ತರ ನಂಬುಗೆ.

ದೇವರಿಗೆ ಮುಳ್ಳೇ ಏಕೆ ಬೇಕಾಯಿತೆಂದು ಕೇಳುವವರು ಗೊಲ್ಲರ ಹಟ್ಟಿಯನ್ನೊಮ್ಮೆ ನೆನೆಯಬೇಕು. ಕಾಡುಗೊಲ್ಲರು ಪರಂಪರೆಯಿಂದ ದನ ಕುರಿಗಳನ್ನು ಸಾಕಿ ಬಾಳಿದವರು. ಗಣೆಯೆಂಬ ಉದ್ದನೆಯ ಕೊಳಲನ್ನೂದುತ್ತಾ ತಮ್ಮ ವೀರನಾದ ಜುಂಜಪ್ಪನ ಕಥೆಯನ್ನು ಹಾಡುವವರು. ಅವರ ಹಟ್ಟಿಯ ಸುತ್ತ ಮುಳ್ಳಿನ ಬೇಲಿಯಿರುವುದು ಹಿಂದಿನ ರೂಢಿ. ತೋಳನಿಂದ ಮರಿಗಳನ್ನು ಕಾಯುತ್ತಿದ್ದುದು ಆ ಬೇಲಿಯೇ. ಮನೆಮಂದಿಯನ್ನೂ ಮಂದೆಯನ್ನೂ ಕಾಯ್ದ ವಸ್ತುವೇ ದೇವರಿಗೂ ಮನೆಯಾಯಿತೆಂದು ನಮಗೆ ತೋರುತ್ತದೆ. ಇನ್ನು ಚಳ್ಳಕೆರೆಯಾದರೋ ಕಂಬಳಿಗೆ ಹೆಸರಾದ ಊರು. ವರುಷವೆಲ್ಲ ಕುರಿ ಕಾದು ಲೋಕದ ಮೈ ಬೆಚ್ಚಗಿರಿಸುವ ಸೀಮೆಯ ಜನರು, ಚಳಿಯ ನಡುವೆ ತಮ್ಮ ದೇವರ ಮುಂದೆ ಬರಿಮೈಯಾಗಿ ನಿಲ್ಲುವುದು ವಿಚಾರಿಸಿ ನೋಡತಕ್ಕ ಸಂಗತಿಯಾಗಿದೆ.

ಬರಿಮೈಯನ್ನು ಪ್ರಕೃತಿಯ ಸಾಮೀಪ್ಯಕ್ಕೆ ದಾರಿಯೆಂದು ಎಣಿಸುವ ಜನರು ಬೇರೆ ದೇಶಗಳಲ್ಲಿಯೂ ಇರುವರು. ಫ್ರಾನ್ಸಿನಲ್ಲಿ ಡುರ್ವಿಲ್ ಸೋದರರೆಂಬ ಇಬ್ಬರು ವೈದ್ಯರು 1931ರಲ್ಲಿ ಲೆವಾಂ ದ್ವೀಪದಲ್ಲಿ ಹೆಲಿಯೋಪೊಲಿಸ್ ಎಂಬ ನೆಲೆಯನ್ನು ಸ್ಥಾಪಿಸಿದರು. ಬಿಸಿಲು, ಗಾಳಿ, ಮಿತಾಹಾರಗಳೇ ಔಷಧವೆಂಬುದು ಅವರ ಮತ. 1950ರಲ್ಲಿ ಮೊಂಟಲಿವೆಯ ಕಡಲ ತೀರದಲ್ಲಿ ಇಂತಹುದೇ ಇನ್ನೊಂದು ನೆಲೆ ಹುಟ್ಟಿತು. ಉಡುಪಿಲ್ಲದೆ ಸಂಸಾರ ಸಮೇತರಾಗಿ ರಜೆ ಕಳೆಯುವ ಇವರ ಕೂಟಗಳು, ಚಳಿಗಾಲ ಬಂದಾಗ ಬೆಚ್ಚನೆಯ ಈಜುಕೊಳಗಳ ಸೂರಿನಡಿ ಸೇರುವುದುಂಟು. ಅವರು ಅರಸುವುದು ಸುಖವನ್ನೂ ಆರೋಗ್ಯವನ್ನೂ. ನಮ್ಮ ಗೊಲ್ಲರದು ಹರಕೆ. ಅಲ್ಲಿ ಚಳಿಯು ಒಳಗೆ ಅಟ್ಟುವುದು, ಇಲ್ಲಿ ದೇವರು ಹೊರಗೆ ಕರೆಯುವನು. ಆದರೂ ಇಬ್ಬರಿಗೂ ಬೇಕಾದುದು ಒಂದೇ: ಅಡ್ಡಿಯಿಲ್ಲದೆ ನಿಲ್ಲಲು ಒಂದಿಷ್ಟು ಬಯಲು.

ನಮ್ಮ ಸೀಮೆಯಲ್ಲಿ ಆ ಬಯಲೇ ಕಿರಿದಾಗುತ್ತಿದೆ. ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ದನಗಳಿಗಾಗಿ ಮೀಸಲಾಗಿದ್ದ ಹುಲ್ಲುಗಾವಲುಗಳು ಚಳ್ಳಕೆರೆ ತಾಲ್ಲೂಕಿನಲ್ಲಿ ವಿಸ್ತಾರವಾಗಿದ್ದುವು. 2007ರಿಂದೀಚೆಗೆ ನಾಯಕನಹಟ್ಟಿಯ ನೆರೆಯ ಕುದಾಪುರ, ದೊಡ್ಡಉಳ್ಳಾರ್ತಿ ಮೊದಲಾದ ಕಡೆ ಸುಮಾರು 10,000 ಎಕರೆ ಕಾವಲು ಭೂಮಿಯು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೂ ಸೌರವಿದ್ಯುತ್ತಿನ ಉದ್ಯಮಕ್ಕೂ ಸಂದಿತು. ಭಾರತೀಯ ವಿಜ್ಞಾನ ಸಂಸ್ಥೆಯೊಂದಕ್ಕೇ ದೊರೆತುದು 1,500 ಎಕರೆ. 2017ರಲ್ಲಿ ರಕ್ಷಣಾ ಇಲಾಖೆಯ ವಿಮಾನ ಪರೀಕ್ಷಾ ನೆಲೆ ಅಲ್ಲಿ ಆರಂಭವಾಯಿತು. ಕಾವಲಿನ ಸುತ್ತ ಗೋಡೆಯೆದ್ದು ಮಂದೆಯ ದಾರಿ ಮುಚ್ಚಿತೆಂದು ಹಳ್ಳಿಗರು ಮೊರೆಯಿಟ್ಟರು. ವ್ಯಾಜ್ಯವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ದೇಶಕ್ಕೆ ವಿಜ್ಞಾನ ಬೇಡವೆಂದು ನಾವು ಹೇಳುವವರಲ್ಲ. ಆದರೆ ಬರಡು ನೆಲವೆಂದು ಕಾಗದದಲ್ಲಿ ಬರೆಯುವವರು, ಅಲ್ಲಿ ಕುರಿಗೆ ಮೇವೂ, ನೇಕಾರನಿಗೆ ಉಣ್ಣೆಯೂ, ದೇವರಿಗೆ ಗುಡಿಯೂ ಬೆಳೆಯುತ್ತವೆ ಎಂಬುದನ್ನು ಅರಿತು ಬರೆಯಬೇಕು. ಬಾರೆಮುಳ್ಳಿನ ಪೊದೆಯನ್ನು ಯಾರೂ ನೆಟ್ಟು ಬೆಳೆಸುವುದಿಲ್ಲ. ಬಯಲು ಉಳಿದರೆ ಅದು ತಾನಾಗಿ ಉಳಿಯುವುದು.

ಮುಂದಿನ ಪುಷ್ಯದಲ್ಲಿ ಆ ಕಡೆ ಪ್ರಯಾಣ ಹೊರಡುವ ವಾಚಕರು ಮಕ್ಕಳನ್ನೂ ಕರೆದೊಯ್ಯಲಿ. ಜಾತ್ರೆಯನ್ನು ವಿನೋದದ ನೋಟವೆಂದು ಭಾವಿಸದೆ, ಹಟ್ಟಿಯ ಹಿರಿಯರನ್ನು ಮಾತನಾಡಿಸಿ, ಕುರಿಗಳು ಈಗ ಎಲ್ಲಿ ಮೇಯುತ್ತವೆಂದು ಕೇಳಲಿ. ಗುಡಿಯ ಮುಳ್ಳಿಗಿಂತ ಹರಿತವಾದ ಉತ್ತರವು ಅಲ್ಲಿ ದೊರೆತೀತು.